ಒಡೆದ ಪೈಪಿಗೆ ಹೊಸ ಅಂಗಿ ತೊಡಿಸಬೇಡಿ, ಮೊದಲು ರಿಪೇರಿ ಮಾಡಿ

ಪಟ್ಟಣದ ಒಳಚರಂಡಿ ಒಡೆದರೆ ಹಳ್ಳಿಯವರಿಗೇನು ನಷ್ಟ ಎಂದು ಕೇಳುವವರನ್ನು ಬಿಡದಿ ಬಳಿಯ ಬೈರಮಂಗಲ ಕೆರೆ ದಂಡೆಗೆ ಕರೆದೊಯ್ಯಬೇಕು. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಸೇರಿದ್ದು ಅಲ್ಲಿಗೇ. ಪಟ್ಟಣದಲ್ಲಿ ಸೋರಿದ ನೀರು ಇಳಿಜಾರು ಹುಡುಕುತ್ತದೆ. ಇಳಿಜಾರಿನಲ್ಲಿ ಇರುವುದು ನಮ್ಮ ಹಳ್ಳ, ನಮ್ಮ ಕೆರೆ, ನಮ್ಮ ಬೋರ್‌ವೆಲ್. ಹಾಗಾಗಿ ಇದು ನಮ್ಮದೇ ವಿಷಯ.

ಹಳೆಯ ಯುಜಿಡಿ ಪೈಪಿಗೆ ಈಗ ‘ಲೈನಿಂಗ್’ ಎಂಬ ಮದ್ದಿದೆ. ರಾಳದಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ಕೊಳವೆಯನ್ನು ಮ್ಯಾನ್‌ಹೋಲ್ ಮೂಲಕ ಒಳಗೆ ಕಳಿಸುತ್ತಾರೆ. ನೀರು ಇಲ್ಲವೇ ಗಾಳಿಯ ಒತ್ತಡ ಕೊಟ್ಟು ಪೈಪಿನ ಗೋಡೆಗೆ ಒತ್ತಿಸಿ, ಬಿಸಿನೀರು ಅಥವಾ ಹಬೆ ಹಾಯಿಸಿ ಗಟ್ಟಿ ಮಾಡುತ್ತಾರೆ. ರಸ್ತೆ ಪೂರ್ತಿ ಅಗೆಯಬೇಕಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಇದನ್ನು ಮೊದಲು ಮಾಡಿ ತೋರಿಸಿದರು. ವಿಧಾನದ ಬಗ್ಗೆ ನಮಗೆ ತಕರಾರಿಲ್ಲ. ಒಡೆದದ್ದನ್ನು ಸರಿ ಮಾಡದೆ ಅದರೊಳಗೆ ಲೈನಿಂಗ್ ಎಳೆದು ಬಿಲ್ ಎತ್ತುವುದಕ್ಕೆ ನಮ್ಮ ತಕರಾರು.

ಕಾರಣ ಸರಳ. ಈ ಕೊಳವೆ ಹಳೆಯ ಪೈಪಿನ ಆಕಾರವನ್ನೇ ತಾಳುತ್ತದೆ. ಪೈಪು ಕುಸಿದಿದ್ದರೆ ಲೈನಿಂಗ್ ಕೂಡ ಅಲ್ಲಿ ಸೊಟ್ಟಗಾಗುತ್ತದೆ. ತಗ್ಗು ಬಿದ್ದಿದ್ದರೆ ಆ ತಗ್ಗು ಹಾಗೇ ಉಳಿದು ಹೊಲಸು ಅಲ್ಲೇ ನಿಲ್ಲುತ್ತದೆ. ಬೇರು ಕತ್ತರಿಸದಿದ್ದರೆ ಅಲ್ಲಿ ಉಬ್ಬು ಬರುತ್ತದೆ. ಬಿರುಕಿನಿಂದ ಅಂತರ್ಜಲ ಒಳಗೆ ನುಗ್ಗುತ್ತಿದ್ದರೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ. ಪೈಪಿನ ಹೊರಗೆ ಮಣ್ಣು ಕೊಚ್ಚಿ ಹೋಗಿ ಪೊಳ್ಳಾಗಿದ್ದರೆ, ಮೇಲಿನ ರಸ್ತೆ ಒಂದು ದಿನ ಕುಸಿಯುತ್ತದೆ. ಮೇಲೆ ಥಳಕು, ಒಳಗೆ ಕೊಳಕು.

ಸರಿಯಾದ ಕ್ರಮ ಇದು: ಮೊದಲು ಜೆಟ್ಟಿಂಗ್ ಮಷೀನಿನಿಂದ ತೊಳೆಯಬೇಕು, ಬೇರು ಕತ್ತರಿಸಬೇಕು. ಕ್ಯಾಮೆರಾ ಇಳಿಸಿ ಪ್ರತಿ ಮೀಟರೂ ನೋಡಬೇಕು. ನೀರು ಬರುವ ಬಿರುಕು ಮುಚ್ಚಬೇಕು, ಪೊಳ್ಳು ತುಂಬಬೇಕು. ಪೂರ್ತಿ ಕುಸಿದ ಕಡೆ ಅಷ್ಟು ಜಾಗ ಮಾತ್ರ ಅಗೆದು ಹೊಸ ಪೈಪು ಕೂರಿಸಬೇಕು. ಆಮೇಲೆ ಲೈನಿಂಗ್. ಅದು ಗಟ್ಟಿಯಾದ ಮೇಲೆ ಮನೆಗಳ ಸಂಪರ್ಕದ ಬಾಯಿ ಬಿಡಿಸಿ, ಮತ್ತೊಮ್ಮೆ ಕ್ಯಾಮೆರಾ ಇಳಿಸಬೇಕು.

‘ಅಗೆದರೆ ಜನರಿಗೆ ತೊಂದರೆ, ಖರ್ಚೂ ಜಾಸ್ತಿ’ ಎನ್ನುತ್ತಾರೆ. ಹಾಳಾದ ನಾಲ್ಕು ಕಡೆ ಅಗೆಯಲು ಹೇಳುತ್ತಿದ್ದೇವೆಯೇ ಹೊರತು ಇಡೀ ಬೀದಿಯನ್ನಲ್ಲ. ಲೈನಿಂಗ್ ಕೆಟ್ಟ ಮೇಲೆ ಅದನ್ನೂ ಕತ್ತರಿಸಿ ಅದೇ ಜಾಗ ಅಗೆಯಬೇಕು. ಆಗ ಒಂದೇ ಕೆಲಸಕ್ಕೆ ಎರಡು ಖರ್ಚು, ಎರಡೂ ನಮ್ಮ ತೆರಿಗೆ ಹಣದಿಂದ.

ದುಡ್ಡಿಗಿಂತ ದೊಡ್ಡ ಮಾತೂ ಇದೆ. ಪೈಪು ಮತ್ತೆ ಕಟ್ಟಿಕೊಂಡರೆ ಮ್ಯಾನ್‌ಹೋಲಿಗೆ ಇಳಿಸಲು ಮತ್ತೆ ಒಬ್ಬ ಬಡವನನ್ನು ಹುಡುಕುತ್ತಾರೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಹೋದ ಜೀವ ಪರಿಹಾರದಿಂದ ಬರುವುದಿಲ್ಲ. ಇವತ್ತು ಬಿಟ್ಟ ರಿಪೇರಿಗೆ ನಾಳೆ ಒಬ್ಬರ ಮನೆಯವರು ಬೆಲೆ ಕಟ್ಟಬೇಕಾಗುತ್ತದೆ.

ನಿಮ್ಮ ಪಕ್ಕದ ಪಟ್ಟಣದಲ್ಲಿ ಲೈನಿಂಗ್ ಕೆಲಸ ಬಂದರೆ ಮೂರು ಕೇಳಿ: ಕೆಲಸಕ್ಕೆ ಮೊದಲಿನ ಕ್ಯಾಮೆರಾ ವಿಡಿಯೊ, ಎಲ್ಲೆಲ್ಲಿ ಏನು ರಿಪೇರಿ ಆಯಿತೆಂಬ ಪಟ್ಟಿ, ಕೆಲಸ ಮುಗಿದ ಮೇಲಿನ ವಿಡಿಯೊ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವೂ ಇಲ್ಲ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕೂ ಅದೇ ಕಾಯ್ದೆಯಲ್ಲಿದೆ.

ಅಧಿಕಾರಿಗಳಿಗೆ ನಮ್ಮ ಒತ್ತಾಯ ಒಂದೇ: ಎರಡೂ ವಿಡಿಯೊ ಜನರ ಮುಂದಿಡುವವರೆಗೆ ಗುತ್ತಿಗೆದಾರರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.