ಲೆಕ್ಕದಲ್ಲಿ ಮುಂದಿರುವ ಮಗು ಕನ್ನಡ ಬಿಟ್ಟೇ ಮುಂದೆ ಹೋಗಬೇಕೇ?

ಯಾವುದಾದರೂ ಸರ್ಕಾರಿ ಕನ್ನಡ ಶಾಲೆಯ ಆರನೇ ತರಗತಿಗೆ ಹೋಗಿ ನೋಡಿ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಡುವ ಮಕ್ಕಳು ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಆ ಮಕ್ಕಳಿಗೆ ನಮ್ಮ ವ್ಯವಸ್ಥೆ ಕೊಡುವ ಬಹುಮಾನವೇನು? ‘ಸುಮ್ಮನೆ ಕೂತ್ಕೋ’ ಎಂಬ ಗದರಿಕೆ. ಇಲ್ಲವೇ ಉಳಿದವರ ನೋಟ್ ಬುಕ್ ತಿದ್ದುವ ಕೆಲಸ. ಹೆಚ್ಚೆಂದರೆ ಮಾನಿಟರ್ ಪಟ್ಟ! ಗೊತ್ತಿರುವುದನ್ನೇ ವರ್ಷವಿಡೀ ಕೇಳಿ ಕೇಳಿ ಆ ಮಗುವಿನ ಕಲಿಕೆಯ ಹಸಿವೇ ಸತ್ತುಹೋಗುತ್ತದೆ.

ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ ಇದೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ ಕಲಿಕೆ ಹಾಳಾದಾಗ 2022-23ರ ಇಡೀ ವರ್ಷವನ್ನು ಸರ್ಕಾರ ‘ಕಲಿಕಾ ಚೇತರಿಕೆ’ ಎಂದೇ ಕರೆಯಿತು. ಅದು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಮುಂದೆ ಓಡಬಲ್ಲ ಬಡವರ ಮಗುವಿಗೆ ಅದೇ ಶಾಲೆಯಲ್ಲಿ, ಅದರದೇ ಭಾಷೆಯಲ್ಲಿ ಏನಿದೆ? ನಾವು ಕೇಳುತ್ತಿರುವುದು ಇಷ್ಟೇ.

ಇರುವ ದಾರಿಗಳನ್ನು ಒಮ್ಮೆ ಲೆಕ್ಕ ಹಾಕೋಣ. ನವೋದಯ ಶಾಲೆಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಒಳಗೆ ಹೋಗಿ ಮೇಲಿನ ತರಗತಿಗೆ ಬರುತ್ತಿದ್ದಂತೆ ಗಣಿತ, ವಿಜ್ಞಾನ ಇಂಗ್ಲಿಷಿಗೆ ತಿರುಗುತ್ತವೆ. ರಾಜ್ಯ ಸರ್ಕಾರದ ಆದರ್ಶ ವಿದ್ಯಾಲಯಗಳಿಗೂ ಆರನೇ ತರಗತಿಗೆ ಪರೀಕ್ಷೆ ಬರೆದೇ ಸೇರಬೇಕು. ಅಲ್ಲಿ ಇಂಗ್ಲಿಷ್ ಮಾಧ್ಯಮ. ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆ ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಹಣ ಸಿಗುತ್ತದೆ, ಹೆಚ್ಚಿನ ಪಾಠ ಸಿಗುವುದಿಲ್ಲ. 1963ರಿಂದ ನಡೆದುಬಂದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ನಿಲ್ಲಿಸಿಬಿಟ್ಟಿತು. ಅಂದರೆ ಅರ್ಥ ಸ್ಪಷ್ಟ: ಜಾಣ ಮಗುವೇ, ನೀನು ಮುಂದೆ ಹೋಗಬೇಕಾದರೆ ಕನ್ನಡ ಶಾಲೆಯಿಂದ ಹೊರಗೆ ಹೋಗು!

ಇದಕ್ಕಿಂತ ದೊಡ್ಡ ಅವಮಾನ ಕನ್ನಡಕ್ಕೆ ಬೇರೆ ಬೇಕೇ? ಯಾವ ಶಾಲೆಯಿಂದ ಚುರುಕಾದ ಮಕ್ಕಳನ್ನೆಲ್ಲ ಆರಿಸಿ ಹೊರಗೆ ಸಾಗಿಸುತ್ತಾರೋ ಆ ಶಾಲೆಯ ಮೇಲೆ ಊರಿನವರಿಗೆ ಮರ್ಯಾದೆ ಉಳಿಯುವುದಿಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2019ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು. ಕಾನೂನಿನ ಬಲದಿಂದ ಕನ್ನಡ ಶಾಲೆ ಉಳಿಸುವ ಕಾಲ ಮುಗಿದಿದೆ. ಇನ್ನು ಅದು ಉಳಿಯುವುದು ಅಲ್ಲಿ ಸಿಗುವ ವಿದ್ಯೆಯಿಂದ ಮಾತ್ರ.

‘ಕೂಡಿಸಿ ಕಳೆಯಲು ಬಾರದ ಮಕ್ಕಳೇ ತುಂಬಿರುವಾಗ ಜಾಣರ ಚಿಂತೆ ಯಾಕೆ? ಮಕ್ಕಳಲ್ಲಿ ಮೇಲು ಕೀಳು ಮಾಡಬಾರದು’ ಎನ್ನುವವರಿದ್ದಾರೆ. ಅವರ ಕಳಕಳಿಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇದೇ ವಾದ ಹಿಡಿದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಏನಾಯಿತೆಂದು ತಿಳಿಯಬೇಕು. ಅಲ್ಲಿನ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇ ತರಗತಿಯ ಬೀಜಗಣಿತವನ್ನು ಕೈಬಿಟ್ಟವು. ಕಪ್ಪು ಜನರ ಮಕ್ಕಳು, ವಲಸಿಗರ ಮಕ್ಕಳು ಹಿಂದೆ ಬೀಳಬಾರದು, ಎಲ್ಲರೂ ಒಟ್ಟಿಗೆ ಸಾಗಲಿ ಎಂಬುದು ಉದ್ದೇಶ. ಆದದ್ದೇ ಬೇರೆ. ಕಾಸಿದ್ದ ಪೋಷಕರು ಹೊರಗಡೆ ಶುಲ್ಕ ಕಟ್ಟಿ ಮಕ್ಕಳಿಗೆ ಬೀಜಗಣಿತ ಕಲಿಸಿಕೊಂಡರು. ಕಾಸಿಲ್ಲದವರ ಮಕ್ಕಳು ಕಾದು ಕುಳಿತರು. ಕೊನೆಗೆ 2024ರ ಮಾರ್ಚ್‌ನಲ್ಲಿ ನಗರದ ಮತದಾರರು ಭಾರಿ ಬಹುಮತದಿಂದ ಬೀಜಗಣಿತ ಮರಳಿ ಬರಲಿ ಎಂದು ಮತ ಹಾಕಿದರು. ಶಾಲೆ ದಾರಿ ಮುಚ್ಚಿದರೆ ಸಮಾನತೆ ಬರುವುದಿಲ್ಲ, ಟ್ಯೂಷನ್ ಅಂಗಡಿ ಬರುತ್ತದೆ. ಬೆಂಗಳೂರಿನ ಓಣಿ ಓಣಿಯಲ್ಲೂ ಈ ಅಂಗಡಿಗಳನ್ನು ನೀವು ನೋಡಿದ್ದೀರಿ. ಆರನೇ ತರಗತಿಗೇ ಐಐಟಿ ಫೌಂಡೇಷನ್! ಕೂಲಿಯವರ ಮಗಳು ಅಲ್ಲಿ ಕಾಲಿಡಲು ಸಾಧ್ಯವೇ?

ಪ್ರತಿ ಮಗುವೂ ತನ್ನ ವೇಗದಲ್ಲಿ ಸಾಗಲಿ ಎಂಬುದು ಹೊರಗಿನಿಂದ ತರಬೇಕಾದ ಯೋಚನೆಯೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಶುರುವಾದಾಗ ಅದರ ತಿರುಳೇ ಇದಾಗಿತ್ತು. ಕಲಿಕಾ ಏಣಿಯ ಮೆಟ್ಟಿಲನ್ನು ಮಗು ತನ್ನ ಶಕ್ತಿಗೆ ತಕ್ಕಂತೆ ಏರಬೇಕು. ಪಕ್ಕದವನಿಗಾಗಿ ಕಾಯಬೇಕಾಗಿಲ್ಲ, ಪಕ್ಕದವನ ಹಿಂದೆ ಏದುಸಿರು ಬಿಡಬೇಕಾಗಿಲ್ಲ. ಒಂದರಿಂದ ಮೂರನೇ ತರಗತಿಯ ಮಗುವಿಗೆ ಒಪ್ಪಿದ ನ್ಯಾಯ ಆರನೇ ತರಗತಿಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಏಣಿಯನ್ನು ಅರ್ಧಕ್ಕೇ ಕತ್ತರಿಸಿದವರು ಯಾರು?

ಇನ್ನು ‘ಉನ್ನತ ಗಣಿತ ಕನ್ನಡದಲ್ಲಿ ಆಗುವ ಮಾತೇ?’ ಎಂದು ಮೂಗು ಮುರಿಯುವವರು. ಅವರಿಗೆ ಹೇಳಿ: ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಹಳೆಯ ಮಾತು ಬೇಡವೆಂದರೆ ಹಂಗೇರಿಯನ್ನು ನೋಡಲಿ. ಆ ದೇಶದ ಒಟ್ಟು ಜನಸಂಖ್ಯೆ ಒಂದು ಕೋಟಿಯೂ ಇಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರೇ 4.37 ಕೋಟಿ. ಹಂಗೇರಿಯಲ್ಲಿ 1894ರಲ್ಲೇ ಪ್ರೌಢಶಾಲೆಯ ಮಕ್ಕಳಿಗಾಗಿ ಅವರದೇ ಭಾಷೆಯಲ್ಲಿ ಗಣಿತ ಪತ್ರಿಕೆ ಶುರುವಾಯಿತು, ಇಂದಿಗೂ ಬರುತ್ತಿದೆ. ಜಗತ್ಪ್ರಸಿದ್ಧ ಗಣಿತಜ್ಞ ಪಾಲ್ ಎರ್ಡೋಸ್ ಬಾಲ್ಯದಲ್ಲಿ ಆ ಪತ್ರಿಕೆಯ ಲೆಕ್ಕ ಬಿಡಿಸಿ ಬೆಳೆದವರು. 1989ರಿಂದ ಭಾರತವೂ ಭಾಗವಹಿಸುತ್ತಿರುವ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲೇ ಪ್ರಶ್ನೆ ಓದಿ ಉತ್ತರ ಬರೆಯಬಹುದು. ಜಗತ್ತಿಗೆ ಇಲ್ಲದ ತಕರಾರು ನಮ್ಮವರಿಗೇಕೆ?

ನಮ್ಮಲ್ಲೇ 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಾಗಿದೆ. ಹೋರಾಡಿದವರಿಗೆ ಸಂದ ಜಯವೇ ಅದು. ಆದರೆ ಬಾಗಿಲು ತೆರೆದು ದಾರಿಯನ್ನೇ ಮಾಡದಿದ್ದರೆ ಆ ಬಾಗಿಲಿಗೆ ಬರುವವರು ಯಾರು? ಆರು, ಏಳು, ಎಂಟನೇ ತರಗತಿಯಲ್ಲಿ ಬೀಜಗಣಿತದ ರುಚಿ ಹತ್ತದ ಮಗು ಹದಿನೇಳನೇ ವಯಸ್ಸಿಗೆ ದಿಢೀರನೆ ಎಂಜಿನಿಯರಿಂಗ್ ಪ್ರಶ್ನೆಪತ್ರಿಕೆ ಬಿಡಿಸಲಾರದು.

ಆದ್ದರಿಂದ ಶಿಕ್ಷಣ ಇಲಾಖೆಯ ಮುಂದೆ ನಮ್ಮ ಬೇಡಿಕೆ ಮೂರು. ಒಂದು, ಪ್ರತಿ ಕ್ಲಸ್ಟರಿನ ಒಂದು ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಮುಂದುವರಿದ ಗಣಿತ ತರಗತಿ ನಡೆಯಲಿ. ಒಂದೇ ಪರೀಕ್ಷೆಯಲ್ಲಿ ಹಣೆಬರಹ ಬರೆಯುವುದು ಬೇಡ. ಮೇಷ್ಟ್ರು ಹೇಳಿದವರೂ ಬರಲಿ, ತಾನಾಗಿ ಬರುತ್ತೇನೆ ಎಂದ ಮಗುವೂ ಬರಲಿ. ಎರಡು, ತನ್ನ ತರಗತಿಯ ಗಣಿತ ಮುಗಿಸಿದ ಮಗುವಿಗೆ ಮುಂದಿನ ತರಗತಿಯ ಗಣಿತ ಪೀರಿಯಡ್‌ನಲ್ಲಿ ಕೂರಲು ಅವಕಾಶ ಸಿಗಲಿ. ಉಳಿದ ವಿಷಯ, ಆಟ, ಗೆಳೆತನ ಓರಗೆಯವರ ಜೊತೆಗೇ ಇರಲಿ. ಹತ್ತನೇ ತರಗತಿಯವರೆಗಿನ ಗಣಿತ ಪುಸ್ತಕಗಳು ಕನ್ನಡದಲ್ಲಿ ಈಗಾಗಲೇ ಇವೆ. ಇದಕ್ಕೆ ಬೊಕ್ಕಸ ಬರಿದಾಗುವುದಿಲ್ಲ. ಮೂರು, ಒಲಿಂಪಿಯಾಡ್ ಮಟ್ಟದ ಸಮಸ್ಯೆಗಳ ಪುಸ್ತಕಗಳನ್ನು, ಪಿಯುಸಿ ಗಣಿತದ ಪುಸ್ತಕಗಳನ್ನು ಒಳ್ಳೆಯ ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಸರ್ಕಾರಿ ಶಾಲೆಗೂ ಕಳಿಸಲಿ. ಇದೆಲ್ಲ ಆಗಬೇಕಾದರೆ ಖಾಲಿ ಬಿದ್ದಿರುವ ಗಣಿತ ಶಿಕ್ಷಕರ ಹುದ್ದೆಗಳನ್ನು ತುಂಬಲೇಬೇಕು. ಮೇಷ್ಟ್ರೇ ಇಲ್ಲದ ಶಾಲೆಗೆ ಯೋಜನೆ ಕಳಿಸುವುದು ಬರಿಗೊಡದಲ್ಲಿ ನೀರು ಹೊತ್ತಂತೆ.

ಕೊನೆಯ ಮಾತು ನಮ್ಮ ಹುಡುಗ ಹುಡುಗಿಯರಿಗೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಹೋರಾಡಿ ನಾಮಫಲಕದಲ್ಲಿ ಶೇ. 60 ಕನ್ನಡ ಬರುವಂತೆ ಮಾಡಿದವರು ಕನ್ನಡದ ಕಾರ್ಯಕರ್ತರು. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬಂತು. ಶಾಲೆಯ ಕರಿಹಲಗೆಯಲ್ಲಿ ಅದು ಉಳಿಯಬೇಕು. ನಿಮ್ಮಲ್ಲಿ ಎಷ್ಟೋ ಮಂದಿ ಎಂಜಿನಿಯರಿಂಗ್ ಓದಿದವರು, ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು. ಗಣಿತ ನಿಮ್ಮ ಅನ್ನ. ನಿಮ್ಮ ಬಡಾವಣೆಯ ಸರ್ಕಾರಿ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರನ್ನು ಈ ವಾರವೇ ಕಾಣಿ. ಎಸ್‌ಡಿಎಂಸಿಯವರ ಜೊತೆ ಮಾತಾಡಿ. ಇಲಾಖೆ ಕಣ್ಣು ಬಿಡುವವರೆಗೆ ಶನಿವಾರ ಎರಡು ಗಂಟೆ ನೀವೇ ಲೆಕ್ಕ ಹೇಳಿಕೊಡಿ, ಕನ್ನಡದಲ್ಲಿ. ಜೊತೆಗೆ ಈ ಮೂರು ಬೇಡಿಕೆ ಬರೆದು ನಿಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗೆ ಮನವಿ ಕೊಡಿ, ಸ್ವೀಕೃತಿ ಪಡೆದೇ ಹೊರಗೆ ಬನ್ನಿ. ಉತ್ತರ ಬಾರದಿದ್ದರೆ ಆ ಕಚೇರಿಯ ಮುಂದೆ ನಾವೂ ನಿಮ್ಮೊಡನೆ ನಿಲ್ಲುತ್ತೇವೆ.