ಸೀರೆಯ ಅಂಚು ಹಾಡೀತೇ?

ಮಕ್ಕಳೇ, ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ನಡೆದರೆ ಮಗ್ಗದ ಲಟಕ್ ಪಟಕ್ ಬೀದಿಗೇ ಕೇಳುತ್ತದೆ. ಒಳಗೆ ಹುಟ್ಟುತ್ತಿರುವುದು ಜಿಐ ಮಾನ್ಯತೆ ಪಡೆದ ನಮ್ಮ ರೇಷ್ಮೆ ಸೀರೆ. ಅದರ ಅಗಲವಾದ ಅಂಚಿನಲ್ಲಿ ಹೂವು, ಹಣ್ಣು, ಹಕ್ಕಿ. ಹಕ್ಕಿ ಅಲ್ಲಿಗೆ ಹಾರಿ ಬಂದದ್ದು ಹೇಗೆ? ಮೊದಲು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಅದನ್ನು ಬರೆಯುತ್ತಾರೆ. ಆ ಲೆಕ್ಕದಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಮಗ್ಗದ ಮೇಲಿನ ಜಕಾರ್ಡ್ ಆ ಪಟ್ಟಿಗಳನ್ನು ಓದುತ್ತದೆ: ತೂತಿದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ಮಾಡಿದ ಉಪಾಯ ಇದು.

ಈಗ ಒಂದು ತಲೆಹರಟೆ ಪ್ರಶ್ನೆ. ಚೌಕ ತುಂಬಿದ್ದಲ್ಲಿ ಎಳೆ ಏಳುವ ಬದಲು ಸ್ವರ ಎದ್ದರೆ?

ಕಂಪ್ಯೂಟರ್ ಬೇಡ, ಎಂಟು ಮಕ್ಕಳು ಸಾಕು. ಗ್ರಾಫ್ ಹಾಳೆಯಲ್ಲಿ ಎಂಟು ಸಾಲು ಗುರುತು ಮಾಡಿ. ಕೆಳಗಿನ ಸಾಲು ಸ, ಅದರ ಮೇಲಿನದು ರಿ, ಹೀಗೆ ಮೇಲಿನ ಸ ತನಕ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅಜ್ಜ ಸ್ಕೇಲನ್ನು ನಿಲ್ಲಿಸಿ ಹಿಡಿದು ಎಡದಿಂದ ಬಲಕ್ಕೆ ಒಂದೊಂದೇ ಚೌಕ ಸರಿಸಲಿ. ಸ್ಕೇಲಿನ ಕೆಳಗೆ ಯಾರ ಚೌಕ ತುಂಬಿದೆಯೋ ಅವರು ಮಾತ್ರ ಹಾಡಬೇಕು. ಗೋಪುರದಂಥ ತ್ರಿಕೋನವನ್ನು ಬರಿಯ ಗೆರೆಯಲ್ಲಿ ಬರೆದಿದ್ದರೆ ಕೇಳುವುದು ಆರೋಹಣ, ಅವರೋಹಣ. ಒಳಗೂ ಬಣ್ಣ ತುಂಬಿದ್ದರೆ ಒಂದು ದನಿಯಿಂದ ಶುರುವಾಗಿ ನಡುವೆ ಎಂಟೂ ದನಿ ಸೇರಿ ಗದ್ದಲವೆದ್ದು, ಮತ್ತೆ ಒಂದಕ್ಕೆ ಇಳಿಯುತ್ತದೆ. ಸಂಗೀತ ಬಲ್ಲ ಅಜ್ಜಿಯರು ಕಿವಿ ಮುಚ್ಚಿಕೊಂಡರೆ ನನ್ನನ್ನು ಬೈಯಬೇಡಿ.

ರಷ್ಯಾದ ಯೆವ್ಗೆನಿ ಮುರ್ಜಿನ್ ಇದನ್ನೇ ದೊಡ್ಡದಾಗಿ ಮಾಡಲು ಹೊರಟು ಸುಮಾರು ಇಪ್ಪತ್ತು ವರ್ಷ ಕಳೆದ. ಗಾಜಿನ ಹಲಗೆಗೆ ಕಪ್ಪು ಮೆತ್ತಿ, ಅದರಲ್ಲಿ ಚಿತ್ರ ಕೆರೆದರೆ, ಕೆರೆದಲ್ಲಿ ಬೆಳಕು ತೂರಿ ಸ್ವರ ಹೊರಡುತ್ತಿತ್ತು. 1950ರ ದಶಕದ ಕೊನೆಗೆ ಸಿದ್ಧವಾದ ಆ ಯಂತ್ರದ ಹೆಸರು ಎಎನ್‌ಎಸ್. ಇಂದು ಅದೇ ಕೆಲಸಕ್ಕೆ ಎಆರ್‌ಎಸ್‌ಎಸ್ ಎಂಬ ಮುಕ್ತ ತಂತ್ರಾಂಶವಿದೆ. ಚಿತ್ರ ಕೊಟ್ಟರೆ ಸದ್ದಿನ ಕಡತ ಕೊಡುತ್ತದೆ, ಕಪ್ಪಿದ್ದಲ್ಲಿ ಮೌನ. ಮುಕ್ತ ಎಂದರೆ ಬರೀ ಪುಕ್ಕಟೆ ಅಲ್ಲ. ಒಳಗಿನ ಬರಹವನ್ನೂ ಓದಬಹುದು, ತಿದ್ದಬಹುದು, ಗೆಳೆಯರಿಗೆ ಹಂಚಬಹುದು, ನೆರೆಮನೆಗೆ ಹೆಪ್ಪು ಕೊಟ್ಟ ಹಾಗೆ. ಆಡಾಸಿಟಿ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಉಲ್ಟಾ ದಾರಿ ಹಿಡಿಯುತ್ತದೆ. ನಿಮ್ಮ ದನಿಯನ್ನು ಅದಕ್ಕೆ ಕೊಟ್ಟು ಸ್ಪೆಕ್ಟ್ರೋಗ್ರಾಮ್ ನೋಟ ಆರಿಸಿದರೆ, ದನಿಯೇ ಬಣ್ಣದ ಚಿತ್ರವಾಗಿ ಕಾಣುತ್ತದೆ.

ಆಟ ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನೆದರ್‌ಲ್ಯಾಂಡ್ಸಿನ ಪೀಟರ್ ಮೈಯರ್ ಕಣ್ಣು ಕಾಣದವರಿಗಾಗಿ ಇದೇ ಲೆಕ್ಕದ ವ್ಯವಸ್ಥೆಯೊಂದನ್ನು 1992ರಲ್ಲಿ ಪ್ರಕಟಿಸಿದರು. ಅದರ ಹೆಸರು ದಿ ವಾಯ್ಸ್. ಆ ಇಂಗ್ಲಿಷ್ ಪದದ ನಡುವಿನ ಓ, ಐ, ಸೀ ಅಕ್ಷರಗಳನ್ನು ಬಿಡಿಸಿ ಓದಿದರೆ ‘ಓಹೋ, ಕಾಣಿಸಿತು’ ಎಂದಾಗುತ್ತದೆ. ಮೊಬೈಲಿಗೆ ಪುಕ್ಕಟೆಯಾಗಿ ಸಿಗುತ್ತದೆ. ಕ್ಯಾಮೆರಾ ಕಂಡದ್ದನ್ನು ಸೆಕೆಂಡಿಗೊಮ್ಮೆ ಎಡದಿಂದ ಬಲಕ್ಕೆ ಗುಡಿಸಿಕೊಂಡು ಹೋಗುತ್ತದೆ: ಎತ್ತರದಲ್ಲಿದ್ದದ್ದು ಎತ್ತರದ ದನಿ, ಬೆಳಕಿದ್ದದ್ದು ಜೋರು ದನಿ. ಮೊದಲ ದಿನ ಬರೀ ಕಿಚಿಪಿಚಿ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಬಾಗಿಲು ಯಾವುದು, ಕಿಟಕಿ ಯಾವುದು ಎಂದು ಗುರುತಿಸುತ್ತಾರೆ. ಇದು ಕಣ್ಣಿಗೆ ಬದಲಿಯಲ್ಲ. ಸೀರೆಯ ವಿಷಯದಲ್ಲಂತೂ ಹಳೆಯ ನೇಕಾರರ ಬೆರಳೇ ಇದಕ್ಕಿಂತ ಜಾಣ.

ಆದರೆ ಅಕ್ಷರವೂ ಚಿತ್ರವೇ ಅಲ್ಲವೇ? ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕಾಣುವುದು ಬಂಡೆಯ ಮೇಲಿನ ಗೀರುಗಳು. ಓದಬಲ್ಲವರ ಬಾಯಲ್ಲಿ ಅವು ಮಾತಾಗುತ್ತವೆ.

ಪೊರೆ ಬಂದು ಪತ್ರಿಕೆ ಮಂಜಾಗಿ ಕಾಣುವ ಅಜ್ಜ ಅಜ್ಜಿಯರಿಗೆ ಆ ಓದುವ ಬಾಯಿ ಬೇಕು. ಇದಕ್ಕೆ ಎರಡು ಮುಕ್ತ ತಂತ್ರಾಂಶಗಳು ಜೋಡೆತ್ತಿನಂತೆ ದುಡಿಯುತ್ತವೆ. ಪುಟದ ಫೋಟೋದಿಂದ ಕನ್ನಡ ಅಕ್ಷರಗಳನ್ನು ಹೆಕ್ಕಿಕೊಡುವುದು ಟೆಸರಾಕ್ಟ್. 2005ರಲ್ಲಿ ಅದರ ಒಳಬರಹವನ್ನು ಎಲ್ಲರಿಗೂ ತೆರೆದಿಟ್ಟರು. ಆ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು ಈಸ್ಪೀಕ್ ಎನ್‌ಜಿ. ಅದರ ದನಿ ಕಬ್ಬಿಣದ್ದು, ಕಥೆ ಹೇಳುವ ದನಿಯಂತೂ ಅಲ್ಲ. ಕೈಬರಹ ಕೊಟ್ಟರೆ ತೊದಲುತ್ತದೆ, ಒತ್ತಕ್ಷರಗಳಲ್ಲಿ ಎಡವುತ್ತದೆ. ಆದರೂ ಮೊಮ್ಮಗಳು ಶಾಲೆಯಿಂದ ಬರುವ ತನಕ ಕಾಯದೆ ಅಜ್ಜಿ ಅರ್ಧ ಪುಟ ಕೇಳಿಸಿಕೊಳ್ಳಬಹುದು.

ಪುಟವನ್ನು ಕಿಟಕಿಯ ಪಕ್ಕ ಚಪ್ಪಟೆಯಾಗಿ ಇಟ್ಟು, ನಿಮ್ಮ ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೋ ತೆಗೆಯಿರಿ. ಮೊದಲ ಪ್ರಯೋಗಕ್ಕೆ ಈ ಪುಟವೇ ಇರಲಿ. ಯಂತ್ರ ಎಲ್ಲೆಲ್ಲಿ ತಪ್ಪಿ ಓದಿತೆಂದು ಅಜ್ಜಿ ಹಿಡಿಯಲಿ, ನೀವು ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ.