ನಕ್ಷೆಯ ಗೆರೆಗಳಿಗೂ ಕನ್ನಡ ಬೇಕು

ಕಳೆದ ಮಳೆಗಾಲದ ಒಂದು ಭಾನುವಾರ ನಾವು ಪುಣೆಯ ನಾಲ್ಕೈದು ಕನ್ನಡ ಗೆಳೆಯರು ಲೋಣಾವಳಾದಿಂದ ಕುರವಂಡೆಯ ಕಡೆಗೆ ನಡೆದು ಹೋಗಿದ್ದೆವು. ನಾಗಫಣಿಯ ಶಿಖರ ಮಂಜಿನಲ್ಲಿ ಮುಳುಗಿತ್ತು. ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಕೈಯಲ್ಲಿದ್ದ ಮೊಬೈಲಿನ ನಕ್ಷೆ ಮಾತ್ರ ನಿಚ್ಚಳವಾಗಿತ್ತು. ನಾವು ನಿಂತ ನೀಲಿ ಚುಕ್ಕೆಗೂ ಕೆಳಗಿನ ರಸ್ತೆಗೂ ನಡುವೆ ಬೆರಳಗಲದ ಹಸಿರು ಜಾಗ. 'ಹೀಗೇ ಇಳಿದುಬಿಟ್ಟರೆ ಅರ್ಧ ಗಂಟೆಯಲ್ಲಿ ರಸ್ತೆ ಸಿಗುತ್ತದೆ' ಎಂದು ನಮ್ಮಲ್ಲೊಬ್ಬರು ಅಂದರು, ಉಳಿದವರು ತಲೆಯಾಡಿಸಿದೆವು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, ಮುಂದೆ 'ಕಡಾ' ಇದೆ, ಹೋಗಬೇಡಿ ಎಂದು ಮರಾಠಿಯಲ್ಲಿ ಗದರಿದರು. ಸ್ವಲ್ಪ ಹೊತ್ತಿಗೆ ಮಂಜು ಸರಿಯಿತು. ಇಪ್ಪತ್ತು ಹೆಜ್ಜೆಯ ಆಚೆ ನೆಲವೇ ಇರಲಿಲ್ಲ.

ಆ ದಿನ ನಮ್ಮನ್ನು ಉಳಿಸಿದ್ದು ಒಬ್ಬ ಮನುಷ್ಯನ ಬಾಯಿಮಾತು. ನಕ್ಷೆ ಸುಳ್ಳು ಹೇಳಿತೇ? ಇಲ್ಲ. ಅದು ರಸ್ತೆ ತೋರಿಸಲೆಂದು ಮಾಡಿದ ನಕ್ಷೆ. ಎತ್ತರದ ವಿಷಯದಲ್ಲಿ ಅದು ಮೌನವಾಗಿತ್ತು. ಆ ಮೌನವನ್ನು ಸಮತಟ್ಟು ಎಂದು ಓದಿಕೊಂಡವರು ನಾವು. ಪದವಿಗಳನ್ನು ಪಡೆದು, ಕಛೇರಿಗಳಲ್ಲಿ ಕಡತಗಳನ್ನು ಓದಿ ಟಿಪ್ಪಣಿ ಬರೆಯುವ ನಮಗೆ ನಕ್ಷೆಯೊಂದನ್ನು ಓದಲು ಬರುವುದಿಲ್ಲ ಎಂಬ ಸತ್ಯ ಅಂದು ಅಂಚಿಗೆ ಬಂದು ನಿಂತಾಗ ತಿಳಿಯಿತು.

ಮರುವಾರ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಯನ್ನು, ಅಂದರೆ ಟೋಪೋಶೀಟನ್ನು, ತೆಗೆದು ನೋಡಿದೆವು. ಹಳೆಯ ಸಂಖ್ಯಾಕ್ರಮದಲ್ಲಿ ಈ ಸೀಮೆ 47ನೆಯ ಹಾಳೆಗೆ ಸೇರುತ್ತದೆ. ಆ ಹಾಳೆ ಅಕ್ಷಾಂಶದಲ್ಲಿ ನಾಲ್ಕು ಡಿಗ್ರಿ, ರೇಖಾಂಶದಲ್ಲಿ ನಾಲ್ಕು ಡಿಗ್ರಿ. ಅದನ್ನು ಒಂದೊಂದು ಡಿಗ್ರಿಯ ಹದಿನಾರು ಚೌಕಗಳಾಗಿ ಸೀಳಿ ಎ, ಬಿ, ಸಿ ಎಂದು ಹೆಸರಿಡುತ್ತಾರೆ. ಪ್ರತಿ ಚೌಕವನ್ನು ಮತ್ತೆ ಹದಿನೈದು ಕಲೆಗಳ ಹದಿನಾರು ಹಾಳೆಗಳಾಗಿ ಒಡೆಯುತ್ತಾರೆ. ಲೋಣಾವಳಾದ ಅಕ್ಷಾಂಶ ಸರಿಸುಮಾರು 18° 45′. ಎರಡು ಹಾಳೆಗಳ ಗಡಿಯೂ ಅದೇ. ಹೀಗಾಗಿ ಊರು ಎರಡು ಹಾಳೆಗಳ ಅಂಚಿಗೆ ಬಂದು ಕುಳಿತಿದೆ: ಕಾರ್ಲೆಯ ಲೇಣಿಗಳು 47 ಎಫ್/5ರಲ್ಲಿ, ಲೋಹಗಡ 47 ಎಫ್/6ರಲ್ಲಿ. ಒಂದೇ ಹಾಳೆ ಹಿಡಿದು ಹೊರಟವನಿಗೆ ಅರ್ಧ ಸೀಮೆ ಇಲ್ಲವೇ ಇಲ್ಲ.

ಈ ಹಾಳೆಗಳ ಪ್ರಮಾಣ 1:50,000. ಕಾಗದದ ಎರಡು ಸೆಂಟಿಮೀಟರು ನೆಲದ ಒಂದು ಕಿಲೋಮೀಟರು. ಇಲ್ಲೊಂದು ಮಾತಿನ ತೊಡಕಿದೆ. ಆಡುಮಾತಿನಲ್ಲಿ 'ದೊಡ್ಡ ಪ್ರಮಾಣ' ಎಂದರೆ ಹೆಚ್ಚು ವಿಸ್ತಾರವೆಂದು ಅರ್ಥ. ನಕ್ಷೆಯ ಶಾಸ್ತ್ರದಲ್ಲಿ ಅದು ತಿರುಗುಮುರುಗು. ಒಂದು ಹಳ್ಳಿಯ ನಕ್ಷೆ ದೊಡ್ಡ ಪ್ರಮಾಣದ್ದು, ಇಡೀ ದೇಶದ ನಕ್ಷೆ ಚಿಕ್ಕ ಪ್ರಮಾಣದ್ದು. ಭಾಗಲಬ್ಧ ನೆನೆದರೆ ಗೊಂದಲ ಬಿಡುತ್ತದೆ: ಐವತ್ತು ಸಾವಿರದಲ್ಲೊಂದು ಪಾಲು ಹತ್ತು ಲಕ್ಷದಲ್ಲೊಂದು ಪಾಲಿಗಿಂತ ದೊಡ್ಡದಲ್ಲವೇ?

ಹಾಳೆಯಲ್ಲಿ ನೀರು ನೀಲಿ, ಕಾಡು ಹಸಿರು, ಎತ್ತರ ಕಂದು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸಿ ಎಳೆದ ಕಂದು ಗೆರೆಯೇ ಸಮೋನ್ನತಿ ರೇಖೆ. ಗೆರೆಯಿಂದ ಗೆರೆಗೆ ಇಪ್ಪತ್ತು ಮೀಟರು. ಐದನೆಯದನ್ನು ದಪ್ಪಗೆ ಬರೆಯುತ್ತಾರೆ. ಗೆರೆಗಳು ದೂರದೂರವಿದ್ದರೆ ಇಳಿಜಾರು ಮೆಲ್ಲನೆಯದು, ಒತ್ತೊತ್ತಾಗಿದ್ದರೆ ಕಡಿದು. ಲೋಣಾವಳಾ ಇರುವುದು ಆರು ನೂರು ಮೀಟರಿಗೂ ಮೇಲೆ. ಕೆಳಗಿನ ಖೋಪೋಲಿ ನೂರು ಮೀಟರಿನೊಳಗೆ. ನಡುವಿನ ನೇರ ಅಂತರ ಏಳೆಂಟು ಕಿಲೋಮೀಟರು ಮಾತ್ರ. ಇಪ್ಪತ್ತೈದಕ್ಕೂ ಹೆಚ್ಚು ಗೆರೆಗಳು ಅಷ್ಟರಲ್ಲೇ ಇಳಿಯಬೇಕು. 1863ರಲ್ಲಿ ತೆರೆದ ಭೋರ್ ಘಾಟಿನ ರೈಲು ಇದೇ ಎತ್ತರವನ್ನು ಏರಲು ಸುತ್ತಿ ಬಳಸಿ, 37 ಅಡಿಗೆ ಒಂದಡಿಯ ಏರಿನಲ್ಲಿ ಹತ್ತಬೇಕಾಯಿತು. ನಾವು ಇಳಿಯಹೊರಟಿದ್ದ ಜಾಗದಲ್ಲಂತೂ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಂದು ಕಲೆಯಂತಿದ್ದವು.

ಇದೇ ಕುರವಂಡೆಯ ಘಾಟಿಯಿಂದ 1661ರಲ್ಲಿ ಕಾರತಲಬ್ ಖಾನನ ಮೊಗಲ್ ಸೈನ್ಯ ಕೊಂಕಣಕ್ಕಿಳಿದು, ಕೆಳಗಿನ ಉಂಬರಖಿಂಡಿಯ ಇಕ್ಕಟ್ಟಿನಲ್ಲಿ ಶಿವಾಜಿಯ ಸೈನ್ಯಕ್ಕೆ ಸಿಕ್ಕಿಬಿದ್ದು ಶರಣಾಯಿತು. ಗೆದ್ದವರ ಮನಸ್ಸಿನಲ್ಲಿ ಬೆಟ್ಟದ ಏರಿಳಿತವೆಲ್ಲ ಇತ್ತು. ಸೋತವರಿಗೆ ದಾರಿಯೊಂದೇ ಗೊತ್ತಿತ್ತು. ಮೊಬೈಲು ಹಿಡಿದ ನಾವು ಎರಡನೆಯ ಗುಂಪಿನವರು.

ಇಷ್ಟನ್ನು ನಮ್ಮ ಬಳಗದ ಕೂಟದಲ್ಲಿ ಹೇಳಿದಾಗ ಒಂದು ಆಕ್ಷೇಪ ಬಂತು. ಈ ಪದಗಳು ಇಂಗ್ಲಿಷಿನಲ್ಲಿವೆ, ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ, 'ಸಮೋನ್ನತಿ ರೇಖೆ' ಎಂಬ ಕಬ್ಬಿಣದ ಕಡಲೆ ಯಾರಿಗೆ ಬೇಕು ಎಂದು. ಇಂಗ್ಲಿಷ್ ಸಾಹಿತ್ಯವನ್ನೇ ಓದಿ ಬಂದ ನಮಗೆ ಆ ಭಾಷೆಯ ಮೇಲೆ ಸಿಟ್ಟಿಲ್ಲ. ಆದರೆ ಪರೀಕ್ಷೆಗೆಂದು ಕಲಿತ ಪದ ಪರೀಕ್ಷೆಯ ಕೋಣೆಯಲ್ಲೇ ಉಳಿದುಬಿಡುತ್ತದೆ. ಮಂಜಿನಲ್ಲಿ ನಿಂತಾಗ ನಾವು ಮಾತಾಡಿಕೊಂಡದ್ದು ಕನ್ನಡದಲ್ಲಿ. ಆ ಕನ್ನಡದಲ್ಲಿ ಇಳಿಜಾರಿನ ಪ್ರಶ್ನೆ ಕೇಳುವ ಅಭ್ಯಾಸವೇ ಇರಲಿಲ್ಲ. ಎಮ್ಮೆ ಕಾಯುವವರ ಮರಾಠಿಯಲ್ಲಿ 'ಕಡಾ' ಇತ್ತು. ಭಾಷೆ ಕಡಿಮೆಯಾದದ್ದು ನಮಗೆ.

ಕನ್ನಡಕ್ಕೆ ಈ ಕ್ಷೇತ್ರದಲ್ಲಿ ಬಡತನವೂ ಇಲ್ಲ. ಜಮೀನಿನ ಅಳತೆಯ ಮಾತು ಬಂದರೆ ನಮ್ಮ ರೈತರು ಎಷ್ಟು ನಿಖರವಾಗಿ ಮಾತಾಡುತ್ತಾರೆ! ಚಕ್ಕುಬಂದಿ, ಹದ್ದುಬಸ್ತು, ಪೋಡಿ, ಖರಾಬು, ಬಾಂದುಕಲ್ಲು, ಆಕಾರಬಂದ್. 33 ಅಡಿಯ ಸರಪಳಿಯ ಒಂದು ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ ಎಂಬ ಲೆಕ್ಕ ಶಾಲೆಗೆ ಹೋಗದವರಿಗೂ ಗೊತ್ತು. ಈ ಪದಗಳಲ್ಲಿ ಹಲವು ಫಾರಸಿಯವು, ಮರಾಠಿಯವು; 'ನಕಾಶೆ'ಯೂ ಅರಬ್ಬಿಯಿಂದ ಬಂದದ್ದೇ. 1836ರ ಹೊತ್ತಿಗೆ ಇದೇ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮೋಜಣಿ ಪದ್ಧತಿ ಮುಂಬಯಿ ಕರ್ನಾಟಕಕ್ಕೂ, 1860ರ ದಶಕದಲ್ಲಿ ಮೈಸೂರಿಗೂ ಹಬ್ಬಿತು. ಬಂದ ಪದಗಳು ನಮ್ಮವಾದದ್ದು ಅವುಗಳ ಮೇಲೆ ನಮ್ಮ ಹೊಲಗದ್ದೆ ನಿಂತಿದ್ದರಿಂದ. ಸ್ಥಳಾಕೃತಿ ನಕ್ಷೆಯ ಮಾತುಗಳು ಹಾಗೆ ನಮ್ಮವಾಗದಿರಲು ಕಾರಣ ಸಂಸ್ಕೃತದ ಭಾರವಲ್ಲ. ನಾವು ಅವನ್ನು ಬಳಸದೆ ಬಿಟ್ಟದ್ದು. 'ಸಮೋನ್ನತಿ' ಕಷ್ಟವೆನಿಸಿದರೆ 'ಒಂದೇ ಎತ್ತರದ ಗೆರೆ' ಎನ್ನೋಣ. ಹೆಸರು ಯಾವುದಾದರೂ ಆಗಲಿ, ಬಾಯಲ್ಲಿ ಇರಲಿ.

ಹೆಸರುಗಳ ಮಾತು ಬಂದದ್ದರಿಂದ ಇನ್ನೊಂದು. ಮರಾಠಿಗರು ಈ ಊರನ್ನು 'ಲೋಣಾವಳಾ' ಎನ್ನುತ್ತಾರೆ. ರೋಮನ್ ಅಕ್ಷರದ ನಕ್ಷೆ ಅದರ ಣಕಾರ, ಳಕಾರಗಳನ್ನು ಅಳಿಸಿತು. ನಾವು ಆ ಅಳಿಸಿದ ರೂಪವನ್ನು ನೋಡಿ 'ಲೋನಾವಾಲಾ' ಎಂದು ಬರೆಯುತ್ತೇವೆ. ಎರಡು ಅಕ್ಷರಗಳೂ ನಮ್ಮ ವರ್ಣಮಾಲೆಯಲ್ಲಿರುವಾಗ, ನೆರೆಯ ಊರಿನ ಹೆಸರನ್ನು ಮೂರನೆಯ ಮನೆಯಿಂದ ಕೇಳಿ ತಿಳಿಯುವುದೇಕೆ? ಹೊರನಾಡಿನಲ್ಲಿ ಬಾಳುವ ನಾವು ಈ ನೆಲದ ಹೆಸರನ್ನು ಈ ನೆಲದವರ ಬಾಯಿಂದಲೇ ಪಡೆಯಬೇಕು. 'ಬೆಳಗಾವಿ'ಯ ಳಕಾರಕ್ಕಾಗಿ ನಾವು ಬಯಸುವ ಗೌರವವನ್ನು ಲೋಣಾವಳಾಕ್ಕೂ ಕೊಡುವುದು ನ್ಯಾಯ.

2017ರಲ್ಲಿ, ತನ್ನ 250ನೆಯ ವರ್ಷದಲ್ಲಿ, ಸರ್ವೇಕ್ಷಣ ಇಲಾಖೆ 1:50,000ದ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳುವ ಅವಕಾಶ ಕಲ್ಪಿಸಿತು. ನಕ್ಷೆ ಸಿಗುವುದಿಲ್ಲ ಎಂಬ ನೆಪ ಇನ್ನಿಲ್ಲ. ನಮ್ಮ ಬಳಗದ ಮಕ್ಕಳ ಕನ್ನಡ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಹಾಳೆಯನ್ನು ಬಿಚ್ಚಿ ಹರಡಿ ಮೂರು ಪ್ರಶ್ನೆ ಕೇಳೋಣ. ಇದರ ಪ್ರಮಾಣವೇನು? ಗೆರೆಗಳು ಎಲ್ಲಿ ಒತ್ತಾಗಿವೆ? ಮೋಜಣಿ ನಡೆದ ವರ್ಷ ಯಾವುದು? ಮೂರನೆಯದನ್ನು ಮರೆಯಬಾರದು, 2002ಕ್ಕೆ ಮುಂಚಿನ ಹಾಳೆಯಲ್ಲಿ ಇಡೀ ದ್ರುತಗತಿ ಹೆದ್ದಾರಿಯನ್ನು ಹುಡುಕಿದರೆ ಸಿಗದು.

ಈ ಸಲದ ಮಳೆಗಾಲದಲ್ಲಿ ನಾವು ಮತ್ತೆ ಕುರವಂಡೆಗೆ ಹೋಗುವವರಿದ್ದೇವೆ, ಎರಡೂ ಹಾಳೆಗಳನ್ನು ಅಂಟಿಸಿಕೊಂಡು. ಆದರೂ ಎದುರಿಗೆ ಎಮ್ಮೆ ಹೊಡೆದುಕೊಂಡು ಬರುವ ಹಿರಿಯರು ಸಿಕ್ಕರೆ, ನಕ್ಷೆ ಮಡಚಿ ಮೊದಲು ಅವರನ್ನು ಕೇಳುತ್ತೇವೆ.